ಎಮ್ಮೆಗೆ ಹೇಳಿದ ಮಾತು

ಕಳೆದ ಏಪ್ರಿಲಿನಲ್ಲಿ ಟಿ.ವಿ.ಯವರು ನಮ್ಮ ಎರೆಹೊಲವನ್ನು ಬೇರೊಂದು ಲೋಕವೆಂದು ತೋರಿಸಲು ಬಂದರು. ಬೆಣ್ಣಿಹಳ್ಳದ ದಂಡೆಯ ಆ ಹೊಲ ಬೇಸಿಗೆಯಲ್ಲಿ ಪಾದ ಸಿಕ್ಕಿಕೊಳ್ಳುವಷ್ಟು ಅಗಲವಾಗಿ ಬಿರಿಯುತ್ತದೆ. ಗಿಡವಿಲ್ಲ, ಗುಡ್ಡವಿಲ್ಲ, ಕಣ್ಣು ಹರಿಯುವವರೆಗೆ ಕಪ್ಪು. ಬೆಂಗಳೂರಿನವರಿಗೆ ಅದು ಭೂಮಿಯ ಹಾಗೆ ಕಾಣಲಿಲ್ಲವಂತೆ. ನನ್ನ ಮಗ ಪ್ರಭು ನವಲಗುಂದದ ಸೊಸೈಟಿಯಲ್ಲಿ ಕೆಲಸದಲ್ಲಿದ್ದಾನೆ. ಯಾರೋ ಅವನನ್ನು ಕೇಳಿದರು, ಅವನು ಆಗಲಿ ಅಂದ.

ಅವರ ಧಾರಾವಾಹಿ ವಾರಕ್ಕೊಂದು ಕತೆಯದು. ಕನ್ನಡ ಮಾತಾಡುವ ಏಳು ಜನ ಒಂದು ಆಕಾಶನೌಕೆಯಲ್ಲಿ ಲೋಕದಿಂದ ಲೋಕಕ್ಕೆ ಹೋಗುತ್ತಾರೆ. ಅವರಿಗೆ ಒಂದೇ ಕಟ್ಟಪ್ಪಣೆ: ಇಳಿದ ಕಡೆಯ ಜನರ ರೀತಿನೀತಿಯಲ್ಲಿ ಕೈ ಹಾಕಕೂಡದು. ನೋಡಬೇಕು, ಬರೆದುಕೊಳ್ಳಬೇಕು, ಹೊರಟುಬಿಡಬೇಕು.

ಕತೆ ಬರೆಯುವ ಹುಡುಗಿ ಶಾಂಭವಿ ಆರು ದಿನ ನಮ್ಮ ಮನೆಯಲ್ಲೇ ಉಳಿದಳು. ಇಪ್ಪತ್ತಾರೋ ಇಪ್ಪತ್ತೇಳೋ ವರ್ಷ. ನನ್ನ ಬೆರಳುಗಳ ಗಂಟುನೋವನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಎರಡನೆಯ ದಿನದಿಂದ ಅವಳು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳನ್ನೆಲ್ಲ ಸಡಿಲಿಸಿಟ್ಟು ಹೋಗತೊಡಗಿದಳು. ಸಂಜೆ ಬಂದು ಬಿಗಿ ಮಾಡುತ್ತಿದ್ದಳು, ಇರುವೆ ಬಂದಾವೆಂದು. ಅಂಥ ಹುಡುಗಿ. ಆಮೇಲೆ ಆದದ್ದಕ್ಕೆಲ್ಲ ಅವಳನ್ನು ಬೈಯಬೇಕೆಂದು ಕೂತಾಗಲೆಲ್ಲ ನನಗೆ ಆ ಮುಚ್ಚಳಗಳು ನೆನಪಾಗುತ್ತವೆ.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಎಮ್ಮೆಯ ಬೆನ್ನು ತಿಕ್ಕುತ್ತ, "ಕರೆವ್ವಾ, ನಾಳೆ ನಾಡದ ನಳಾ ಬರಂಗಿಲ್ಲಂತ. ಇವತ್ತಽ ಎಲ್ಲಾ ತುಂಬಿ ಇಟಗೋಬೇಕು ನೋಡು" ಅಂದೆ. ಮಾತು ಸ್ವಲ್ಪ ಗಟ್ಟಿಯಾಗಿಯೇ ಇತ್ತು. ಓಣಿಯ ಆಚೆ ನಂದಾ ಕಸಬರಿಗೆ ಕೆಳಗಿಟ್ಟು ಒಳಗೆ ಹೋಗಿ ಕೊಡಗಳನ್ನು ಹೊರಗೆ ತಂದಳು. ಶಾಂಭವಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಅದನ್ನು ನೋಡಿದಳು. ನನ್ನನ್ನು ನೋಡಿದಳು, ಎಮ್ಮೆಯನ್ನು ನೋಡಿದಳು. ಆಮೇಲೆ ಒಳಗೆ ಬಂದು ಮೆಲ್ಲಗೆ ಕೇಳಿದಳು. ನಾನು ಹೇಳಿದೆ.

ನಂದಾ ಮತ್ತು ಅವಳ ಗಂಡ ಸಂಗನಬಸವ ನಮ್ಮ ಎದುರುಮನೆಯವರು. ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಕೆಳಗಿನ ಕೇರಿಯ ಫಕೀರವ್ವನ ಮಗ ಫಕೀರೇಶನನ್ನು ಗದಗಿನಲ್ಲಿ ನೋಂದಣಿ ಮದುವೆಯಾದಳು. ಇಬ್ಬರೂ ಅಲ್ಲಿಯೇ ಶಾಲೆಯಲ್ಲಿ ಕಲಿಸುತ್ತಾರೆ. ಮದುವೆಯನ್ನು ಊರು ನುಂಗಿಕೊಳ್ಳುತ್ತಿತ್ತೋ ಏನೋ. ಆದರೆ ನಂದಾ ಮಗಳನ್ನೂ ಅಳಿಯನನ್ನೂ ಬೀಗತಿ ಫಕೀರವ್ವನನ್ನೂ ಕರೆದು, ಪಡಸಾಲೆಯಲ್ಲಿ ಸಾಲಾಗಿ ಕೂರಿಸಿ ಹೋಳಿಗೆ ಊಟ ಹಾಕಿದಳು. ಬಾಗಿಲು ತೆರೆದೇ ಇತ್ತು. ಮರುದಿನ ಐದು ಜನ ಹಿರಿಯರು ಕೂತು, ಆ ಮನೆಯವರ ಜೊತೆ ಯಾರೂ ಮಾತಾಡಕೂಡದು, ಮಾತಾಡಿದ ಮನೆಗೂ ಅದೇ ಗತಿ ಅಂದರು. ಆ ಐವರಲ್ಲಿ ಮೊದಲಿನವನು ನನ್ನ ಮೈದುನ ಶಂಭುಲಿಂಗಪ್ಪ. ಫಕೀರವ್ವನ ಮನೆಗೆ ಏನೂ ಅನ್ನಲಿಲ್ಲ. ಹೊರಗೆ ಹಾಕಲು ಅವರನ್ನು ಯಾರೂ ಒಳಗೆ ಇಟ್ಟುಕೊಂಡಿರಲಿಲ್ಲ.

ಒಮ್ಮೆ ತಾಲೂಕಿನಿಂದ ಯಾರೋ ಬಂದು ವಿಚಾರಿಸಿದರು. ಯಾರು ಬೇಡ ಅಂದಿದಾರ್ರಿ, ಮಾತಾಡಬೇಕು ಅನ್ನೂ ಕಾಯ್ದೆ ಏನರ ಐತೇನು, ಅಂತ ಊರು ಕೇಳಿತು. ಅವರು ಚಹಾ ಕುಡಿದು ಹೋದರು.

ಅಂದಿನಿಂದ ಹೆಂಗಸರು ದಾರಿ ಹುಡುಕಿಕೊಂಡೆವು. ಯಾರೂ ಕೂತು ಮಾತಾಡಿ ಮಾಡಿದ್ದಲ್ಲ. ಒಬ್ಬಳು ಗೋಡೆಗೆ ಹೇಳಿದಳು, ಇನ್ನೊಬ್ಬಳು ತನ್ನ ಆಡಿಗೆ ಹೇಳಿದಳು. ನಾನು ಎಮ್ಮೆಗೆ ಹೇಳಿದೆ. ಗಿರಣಿಯಲ್ಲಿ ಕರೆಂಟ್ ಬಂದದ್ದು, ಅಕ್ಕಿ ಹಂಚುವ ದಿನ, ದವಾಖಾನೆಯ ನರ್ಸ್ ಬಂದದ್ದು, ಎಲ್ಲ ಹೀಗೆ ಅವಳ ಅಂಗಳಕ್ಕೆ ಮುಟ್ಟುತ್ತಿದ್ದವು. ಗಿರಣಿಯ ಗೂಳಪ್ಪ ಆ ಮನೆಯ ಜೋಳ ಬೀಸುವ ಹಾಗಿರಲಿಲ್ಲ. ಆದರೆ ಸಾಲಿನಲ್ಲಿ ಹೆಸರಿಲ್ಲದ ಡಬ್ಬಿಯೊಂದು ಇದ್ದರೆ ಅದು ಯಾರದೆಂದು ಅವನು ಕೇಳಲಿಲ್ಲ. ನಂದಾಳಿಗೆ ಜ್ವರ ಬಂದಾಗ ಬಾಜು ಮನೆಯಾಕೆ ಕಷಾಯದ ಚರಿಗೆಯನ್ನು ಗೋಡೆಯ ಮೇಲಿಟ್ಟು, ಈ ಹಾಳಾದ ಬೆಕ್ಕು ಬಿಸಿ ಇದ್ದಾಗಲೇ ಕುಡಿದುಬಿಟ್ಟೀತು ಎಂದು ಬೆಕ್ಕನ್ನು ಒಂದೇ ಸಮ ಬೈದಳು. ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ನಂದಾ ಕೂಡ ಹಾಗೆಯೇ ಉತ್ತರ ಕೊಡುತ್ತಿದ್ದಳು, ತನ್ನ ಕಸಬರಿಗೆಗೋ ತುಳಸಿಕಟ್ಟೆಗೋ. ಮಗಳು ಗದಗಿಗೆ ಬಂದುಬಿಡಿ ಎಂದು ಕರೆಯುತ್ತಿದ್ದಳಂತೆ. ನಂದಾ ಒಂದು ದಿನ ಕಸಬರಿಗೆಗೆ ಹೇಳಿದ್ದು ನನಗೆ ಇಂದಿಗೂ ನೆನಪಿದೆ. "ನಾವು ಊರು ಬಿಟ್ಟಿವಿ ಅಂದ್ರ ನನ್ನ ಮಗಳು ತಪ್ಪು ಮಾಡ್ಯಾಳ ಅಂತ ನಾವಽ ಒಪ್ಪಿದಂಗ ಆಗತೈತಿ. ಇಲ್ಲೇ ಇರತೇವಿ. ಇರಾಕ ಇಷ್ಟು ಸಾಕು." ಇಷ್ಟು ಅಂದರೆ ನಮ್ಮ ಗೋಡೆ, ಆಡು, ಎಮ್ಮೆ.

ಇದನ್ನೆಲ್ಲ ಶಾಂಭವಿಗೆ ಹೇಳುವಾಗ ನನಗೆ ಒಂದು ಬಗೆಯ ಹೆಮ್ಮೆಯಿತ್ತು. ಅದನ್ನು ಮುಚ್ಚಿಡುವುದಿಲ್ಲ. ಧಾರವಾಡದಲ್ಲಿ ಬಿ.ಎ. ಓದಿ ಬಂದು ಐವತ್ತು ವರ್ಷ ಈ ಊರಿನಲ್ಲಿ ರೊಟ್ಟಿ ಬಡಿದವಳು ನಾನು. ನಾನು ಕಂಡದ್ದನ್ನು ಒಬ್ಬರು ಪುಸ್ತಕ ತೆಗೆದು ಬರೆದುಕೊಳ್ಳುವುದನ್ನು ಆವತ್ತೇ ಮೊದಲು ನೋಡಿದೆ. ಬರೀಲಾ ಆಂಟಿ ಎಂದು ಅವಳು ಕೇಳಿದಳು. ಬರಿ, ಊರ ಹೆಸರು ಹಾಕಬೇಡ ಅಂದೆ. ಖಂಡಿತ ಇಲ್ಲ ಎಂದು ನನ್ನ ಕೈ ಮುಟ್ಟಿ ಹೇಳಿದಳು. ಆ ಮಾತನ್ನು ಅವಳು ಉಳಿಸಿಕೊಂಡಳು.

ಆ ಕತೆ ಟಿ.ವಿ.ಯಲ್ಲಿ ಬಂದದ್ದು ಪಂಚಮಿ ಆದ ಮೇಲಿನ ಭಾನುವಾರ, ಸಂಜೆ ಆರಕ್ಕೆ. ನಮ್ಮ ಹೊಲ ಟಿ.ವಿ.ಯಲ್ಲಿ ಬರುತ್ತದೆಂದು ಪ್ರಭು ಊರಿಗೆಲ್ಲ ಹೇಳಿದ್ದ. ನಮ್ಮ ಪಡಸಾಲೆ ತುಂಬಿತ್ತು. ಶಂಭುಲಿಂಗಪ್ಪನಿಗೆ ಕುರ್ಚಿ ಹಾಕಿದ್ದೆವು.

ಹೊಲ ಕಂಡಿತು. ಅದಕ್ಕೆ ಎರಡು ಚಂದ್ರ ಕೂರಿಸಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆ ಲೋಕದ ಜನ ಬಂದರು, ಮಣ್ಣಿನ ಬಣ್ಣದ ಬಟ್ಟೆ, ಹಣೆಯ ಮೇಲೊಂದು ಬೆಳ್ಳಿಯ ಗೆರೆ. ಅಲ್ಲಿ ಒಂದು ಮನೆಗೆ ಹಿರಿಯರು ಮೌನ ವಿಧಿಸಿದ್ದಾರೆ. ಆ ಮನೆಯ ಮುಂದೆ ಒಬ್ಬಳು ಮುದುಕಿ ಬಂದು, ಆರು ಕಾಲಿನ ಒಂದು ಪ್ರಾಣಿಯ ಬೆನ್ನು ಸವರುತ್ತ, ನಾಳೆ ನೀರು ಬರುವುದಿಲ್ಲವಂತೆ, ಇವತ್ತೇ ತುಂಬಿಸಿಕೋ ಅಂದಳು.

ಮೊದಲು ನಕ್ಕವಳು ಬೆಕ್ಕನ್ನು ಬೈದ ಬಾಜು ಮನೆಯಾಕೆ. "ಅಯ್ಯ ಕಸ್ತೂರಕ್ಕಾ, ನಿಮ್ಮ ಕರೆವ್ವಗ ಇನ್ನೆರಡು ಕಾಲು ಹಚ್ಯಾರ ನೋಡ್ರಿ" ಅಂದಳು. ನಾಲ್ಕು ಜನ ಹೆಂಗಸರು ನಕ್ಕರು. ಆ ನಗು ಮುಗಿಯುವಷ್ಟರಲ್ಲಿ ಅವರಿಗೂ ತಿಳಿಯಿತು, ಗಂಡಸರಿಗೂ ತಿಳಿಯಿತು.

ಕತೆಯಲ್ಲಿ ನೌಕೆಯ ಕಿರಿಯ ಅಧಿಕಾರಿಣಿ ಕಟ್ಟಪ್ಪಣೆ ಮುರಿದಳು. ಎಲ್ಲರ ಎದುರಿಗೆ ಆ ಮನೆಗೆ ನಡೆದುಹೋಗಿ, ಆ ಹೆಂಗಸಿನ ಮುಖ ನೋಡಿ, ನಿನ್ನ ಹೆಸರೇನು ಎಂದು ಕೇಳಿದಳು. ಅಷ್ಟು ಕೇಳಿದ್ದೇ ತಡ, ಆ ಲೋಕದ ಜನ ಒಬ್ಬೊಬ್ಬರಾಗಿ ಮಾತಾಡತೊಡಗಿದರು. ಹಿರಿಯನು ತನ್ನ ಬೆತ್ತ ಕೆಳಗಿಟ್ಟು ಅತ್ತನು. ನೌಕೆ ಹಾರಿತು. ನಲವತ್ತೆರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು.

ಕೊನೆಗೆ ಅಕ್ಷರಗಳು ಬಂದವು. ಶಾಂಭವಿ ನನಗೆ ಒಂದು ಒಳ್ಳೆಯದು ಮಾಡಬೇಕೆಂದುಕೊಂಡಿದ್ದಳು. ಊರ ಹೆಸರು ಇರಲಿಲ್ಲ. ಪರದೆಯ ತುಂಬ ಒಂದೇ ಸಾಲು ನಿಂತಿತ್ತು: ಈ ಕತೆಯನ್ನು ನಮಗೆ ಕೊಟ್ಟ ಕಸ್ತೂರೆವ್ವ ಅವರಿಗೆ ಕೃತಜ್ಞತೆಗಳು. ಓದಲು ಬರುವವರು ಬಾರದವರಿಗೆ ಓದಿ ಹೇಳಿದರು.

ಮರುದಿನ ಬೆಳಿಗ್ಗೆ ಶಂಭುಲಿಂಗಪ್ಪ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಸಿಟ್ಟಿನಲ್ಲಿ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ವೈನಿ, ನೀವು ಎಮ್ಮಿಗೆ ಹೇಳೂದು ನನಗ ಎರಡು ವರ್ಷದಿಂದ ಕೇಳಸ್ತಿತ್ತು" ಅಂದ. "ನಿಮ್ಮ ಕಟ್ಟಿ ಮ್ಯಾಲೆ ಕುಂತಾಗ ನೀವು ಬಾಲ್ದಿ ಹಿಡಕೊಂಡು ಹೊರಗ ಬಂದ್ರ, ನಾ ಎದ್ದು ಹೋಗತಿದ್ದೆ. ಅದು ನಿಮಗೂ ಗೊತ್ತಿತ್ತು."

ನನಗೆ ಗೊತ್ತಿತ್ತು. ಅವನು ಪ್ರತಿ ಸಲ ಕೆಮ್ಮಿ, ಹೆಗಲ ಮೇಲಿನ ಟವೆಲ್ ಕೊಡವಿ, ಏನೋ ನೆನಪಾದವನ ಹಾಗೆ ಎದ್ದುಹೋಗುತ್ತಿದ್ದ. ಊರಿನ ಹತ್ತಾರು ದಯೆಗಳನ್ನು ಎಣಿಸಿ ಶಾಂಭವಿಗೆ ಹೇಳಿದವಳು ಇದೊಂದನ್ನು ಹೇಳಿರಲಿಲ್ಲ. ಅದು ದಯೆಯೆಂದು ನನಗೆ ಹೊಳೆದೇ ಇರಲಿಲ್ಲ.

"ಈಗ ಶಲವಡಿಯಿಂದ ಬೀಗರು ಫೋನ್ ಹಚ್ಚಿ ನಗತಾರ. ನಿಮ್ಮೂರಾಗ ಎಮ್ಮಿ ಜೋಡಿ ಮಾತಾಡತಾರಂತಲ್ಲ, ಹಿರೇರು ಆಡಿನ ಕೇಳಿ ನ್ಯಾಯಾ ಮಾಡತಾರೇನು ಅಂತಾರ. ಇನ್ನ ನನಗ ಕಿವುಡ ಆಗಾಕ ಬರಂಗಿಲ್ಲ, ವೈನಿ."

ಹಾಗಾದರೆ ಮಾತಾಡಿರಿ ಎಂದೇ ಹೇಳಿಬಿಡು, ಎರಡು ವರ್ಷ ಸಾಲದೇ ಎಂದು ಕೇಳಿದೆ. ಅದು ತನ್ನೊಬ್ಬನ ಕೈಯಲ್ಲಿಲ್ಲ, ಉಳಿದ ನಾಲ್ವರು ಈಗ ಮೊದಲಿಗಿಂತ ಬಿಗಿಯಾಗಿದ್ದಾರೆ ಅಂದ. ಎದ್ದು ನಿಂತು, ಪ್ರಭುವಿನ ಮಗಳನ್ನು ನೋಡಲು ಸಂಶಿಯಿಂದ ಗಂಡಿನ ಕಡೆಯವರು ದೀಪಾವಳಿಯ ಹೊತ್ತಿಗೆ ಬರುತ್ತಾರಲ್ಲವೇ ಎಂದು ಕೇಳಿದ. ಹೌದು ಅಂದೆ. ಒಳ್ಳೆಯ ಮನೆತನ ಅಂದ. ಅಷ್ಟೇ ಹೇಳಿ ಹೋದ.

ಆ ಸಂಜೆಯಿಂದ ನಮ್ಮ ಓಣಿಯಲ್ಲಿ ಗೋಡೆಗಳಿಗೆ ಯಾರೂ ಮಾತು ಹೇಳಲಿಲ್ಲ. ಗೂಳಪ್ಪ ಗಿರಣಿಯ ಡಬ್ಬಿಗಳ ಮೇಲೆ ಹೆಸರು ಬರೆದಿರಬೇಕೆಂದು ಹಲಗೆ ಹಚ್ಚಿದ. ಬಾಜು ಮನೆಯಾಕೆ ನನ್ನನ್ನು ಕಂಡರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಿದ್ದಳು. ನಂದಾ ಮೊದಲ ನಾಲ್ಕು ದಿನ ತುಳಸಿಕಟ್ಟೆಗೆ ಏನೇನೋ ಕೇಳಿದಳು, ನರ್ಸ್ ಯಾವಾಗ ಬರುತ್ತಾಳೆ, ನಳ ಯಾಕೆ ಬಂದಿಲ್ಲ ಅಂತ. ಉತ್ತರ ಬರಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳ ಮನೆಯಲ್ಲಿ ಟಿ.ವಿ. ಕೆಟ್ಟು ವರ್ಷವಾಗಿತ್ತು. ಏನಾಯಿತೆಂದು ಅವಳಿಗೆ ಯಾರು ಹೇಳಬೇಕು? ಹೇಳುವವರೆಲ್ಲ ಎಮ್ಮೆ ಆಡುಗಳ ಮೂಲಕವೇ ಹೇಳಬೇಕಾಗಿತ್ತು.

ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಕಾಲ ಬಂತು. ನಮ್ಮೂರಿನ ಅರ್ಧ ಹೊಲಗಳು ಹಳ್ಳದ ಆಚೆ ಇವೆ. ಬೆಣ್ಣಿಹಳ್ಳವನ್ನು ನೋಡಿದವರಿಗೆ ಗೊತ್ತು, ಬೆಳಿಗ್ಗೆ ಮೊಣಕಾಲುದ್ದ ಇರುತ್ತದೆ. ಮೇಲೆ ಹುಬ್ಬಳ್ಳಿಯ ಕಡೆ ಮಳೆ ಹೊಡೆದರೆ ಇಲ್ಲಿ ಬಿಸಿಲಿದ್ದಾಗಲೇ ಆಳು ಮುಳುಗುವಷ್ಟು ಬರುತ್ತದೆ. ಅದಕ್ಕಾಗಿ ಮೇಲಿನ ಊರುಗಳಿಂದ ಫೋನು ಬರುತ್ತದೆ, ಒಬ್ಬರಿಂದೊಬ್ಬರಿಗೆ ದಾಟುತ್ತದೆ, ಆಚೆಯ ಹೊಲದವರು ಚಕ್ಕಡಿ ಹೂಡಿಕೊಂಡು ಈಚೆ ಬಂದುಬಿಡುತ್ತಾರೆ. ಹಿಂದಿನ ವರ್ಷ ಸಂಗನಬಸವ ಆಚೆಯ ಹೊಲದ ದೂರದ ಪಟ್ಟಿಯಲ್ಲಿದ್ದಾಗ ದಾರಿಯಲ್ಲಿ ಹೋಗುವವರು ತಮ್ಮ ಎತ್ತುಗಳಿಗೆ, ನಡೀರಪಾ, ಹಳ್ಳ ಬರಾಕತ್ತೈತಿ ಎಂದು ಕೂಗಿ ಹೇಳಿದ್ದರು. ಅವನು ಸಾಮಾನು ಬಿಟ್ಟು ಬಂದಿದ್ದ.

ಆ ದಿನ ಮೂರೂವರೆಗೆ ಪ್ರಭು ನವಲಗುಂದದಿಂದ ಫೋನ್ ಮಾಡಿ, ಅವ್ವಾ, ಹಳ್ಳ ದೊಡ್ಡದು ಬರಾಕತ್ತೈತಿ, ನಮ್ಮವರು ಯಾರೂ ಆಚೆ ಇಲ್ಲಲ್ಲ ಎಂದು ಕೇಳಿದ. ಇಲ್ಲ ಅಂದೆ. ಫೋನಿಟ್ಟು ಹೊರಗೆ ಬಂದೆ. ಓಣಿಯ ಆಚೆ ನಂದಾ ಅಂಗಳದಲ್ಲಿ ಹೆಸರಿನ ಕಾಯಿ ಹರವುತ್ತಿದ್ದಳು. ಮೊಬೈಲು ಅವಳ ಕುಪ್ಪಸದೊಳಗೆ ಸಿಕ್ಕಿಸಿದ್ದು ಕಾಣುತ್ತಿತ್ತು. ಬೆಳಿಗ್ಗೆ ಸಂಗನಬಸವ ಚಕ್ಕಡಿ ಹೂಡಿಕೊಂಡು ಆಚೆ ಹೋದದ್ದನ್ನು ನಾನು ನೋಡಿದ್ದೆ.

ನಮ್ಮ ಕಟ್ಟೆಯ ಮೇಲೆ ಶಂಭುಲಿಂಗಪ್ಪ ಕೂತಿದ್ದ. ಅವನ ಜೊತೆ ಹಿರಿಯರಲ್ಲಿ ಇನ್ನೊಬ್ಬನಾದ ಮೈಲಾರಪ್ಪ ಇದ್ದ. ಶಂಭುಲಿಂಗಪ್ಪ ನನ್ನನ್ನು ನೋಡಿ ಕೆಮ್ಮಿದ, ಟವೆಲ್ ಕೊಡವಿದ. ಆದರೆ ಏಳಲಿಲ್ಲ. ಮೈಲಾರಪ್ಪ ನನ್ನನ್ನೇ ನೋಡುತ್ತಿದ್ದ.

ನಾನು ಕರೆವ್ವನ ಹತ್ತಿರ ಹೋದೆ. ಬೆನ್ನ ಮೇಲೆ ಕೈ ಇಟ್ಟೆ. ಬಾಯಿ ತೆರೆದೆ. ಮೊಮ್ಮಗಳು ಒಳಗೆ ಹಾಡು ಹಚ್ಚಿಕೊಂಡು ಕಸೂತಿ ಹಾಕುತ್ತಿದ್ದಳು, ಅದು ಕೇಳುತ್ತಿತ್ತು. ಆಚೆಯ ದಾರಿಯಲ್ಲಿ ಯಾರಾದರೂ ಅವನಿಗೆ ಹೇಳಿಯೇ ಹೇಳುತ್ತಾರೆ, ಗಂಡಸರು ಹಾಗೆ ಬಿಟ್ಟು ಬರುವುದಿಲ್ಲ ಅಂದುಕೊಂಡೆ. ಎಮ್ಮೆಯ ಬೆನ್ನು ಎರಡು ಸಲ ಸವರಿ ಒಳಗೆ ಬಂದೆ.

ಆಚೆಯ ದಾರಿಯಲ್ಲಿ ಹನ್ನೊಂದು ಚಕ್ಕಡಿಗಳು ಅವನ ಹೊಲವನ್ನು ದಾಟಿ ಬಂದವಂತೆ. ಪ್ರತಿಯೊಬ್ಬರೂ ಮನೆಯಲ್ಲಿ ನಂದಾಳಿಗೆ ಯಾರಾದರೂ ಹೇಳಿರುತ್ತಾರೆ ಅಂದುಕೊಂಡರಂತೆ.

ಸಂಗನಬಸವ ಐದಕ್ಕೆ ಹೆಸರಿನ ಚೀಲ ಹೇರಿಕೊಂಡು ಹಳ್ಳಕ್ಕೆ ಇಳಿದ. ನೀರು ಎತ್ತಿನ ಮೊಣಕಾಲಿಗೆ ಇತ್ತು. ನಡುವೆ ಬಂದಾಗ ತಿರುವಿನಲ್ಲಿ ಹಳ್ಳ ಗೋಡೆಯ ಹಾಗೆ ಬಂದಿತು. ಈಚೆ ದಂಡೆಯಲ್ಲಿ ಹತ್ತಿಪ್ಪತ್ತು ಜನ ನಿಂತಿದ್ದರು. ಅವರು ನಿಂತೇ ಇದ್ದರು. ಕೂಗಿದವಳು ಫಕೀರವ್ವ. ಅವಳು ಬುಟ್ಟಿ ಹೊತ್ತು ಕೇರಿಯಿಂದ ಆಗತಾನೇ ಬಂದಿದ್ದಳು. ಬುಟ್ಟಿ ಎಸೆದು, ಮೊಣಕಾಲವರೆಗೆ ನೀರಿಗೆ ಇಳಿದು, ಇಡೀ ಊರಿನ ಎದುರಿಗೆ ಅವನನ್ನು ಬೀಗ ಎಂದು ಕರೆದಳು.

"ಬೀಗರಽ, ಹಳ್ಳ ಬಂತು. ಚಕ್ಕಡಿ ಬಿಡ್ರಿ, ಜಿಗೀರಿ ಈ ಕಡೆ."

ಅವನು ಜಿಗಿದ. ಫಕೀರವ್ವ ತನ್ನ ಸೀರೆಯ ಸೆರಗನ್ನು ಬಿಚ್ಚಿ ಎಸೆದು ಅವನನ್ನು ಎಳೆದುಕೊಂಡಳು. ನೊಗದ ಹಗ್ಗ ಬಿಚ್ಚಲು ಆಗಲಿಲ್ಲ. ಎತ್ತುಗಳೆರಡೂ ಚಕ್ಕಡಿಯ ಸಮೇತ ಹೋದವು. ಮೂರನೆಯ ದಿನ ಯಮನೂರಿನ ಹತ್ತಿರ ಜಾಲಿಯ ಕಂಟಿಯಲ್ಲಿ ಸಿಕ್ಕವು, ಇನ್ನೂ ಜೋಡಿಯಾಗಿಯೇ.

ಅದೇ ವಾರ ಶಾಂಭವಿಯ ಫೋನು ಬಂತು. ನಮ್ಮ ಕತೆಯನ್ನೇ ಜನ ಎಲ್ಲಕ್ಕಿಂತ ಹೆಚ್ಚು ನೋಡಿದ್ದಾರಂತೆ. ಆ ಎದುರುಮನೆ ಆಂಟಿ ಹೇಗಿದ್ದಾರೆ, ಈಗ ಎಲ್ಲರೂ ಮಾತಾಡುತ್ತಾರಾ ಎಂದು ಕೇಳಿದಳು. ಅವರು ಊರು ಬಿಡುತ್ತಿದ್ದಾರೆ ಅಂದೆ. ಒಳ್ಳೆಯದೇ ಆಯ್ತಲ್ವಾ ಆಂಟಿ, ಅಂಥ ಕಡೆ ಯಾಕಿರಬೇಕು ಅಂದಳು. ಆಮೇಲೆ ನನ್ನ ಬೆರಳು ಹೇಗಿದೆ ಎಂದು ಕೇಳಿದಳು. ಒಂದು ಎಣ್ಣೆ ಕೊರಿಯರಿನಲ್ಲಿ ಕಳಿಸಿದ್ದಾಳಂತೆ. ನಿಜವಾಗಿಯೂ ಬಂತು. ಮುಚ್ಚಳ ತೆರೆಯಲು ನನ್ನಿಂದ ಆಗಿಲ್ಲ.

ಹದಿನೈದು ದಿನಕ್ಕೆ ಗದಗಿನಿಂದ ಟೆಂಪೋ ಬಂದಿತು. ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿದ್ದರು. ಅಳಿಯ ಫಕೀರೇಶ ಸಾಮಾನು ಹೇರುತ್ತಿದ್ದ, ಫಕೀರವ್ವ ಬೀಸುವ ಕಲ್ಲನ್ನು ಗೋಣಿಯಲ್ಲಿ ಸುತ್ತುತ್ತಿದ್ದಳು. ಓಣಿಯ ಬಾಗಿಲುಗಳೆಲ್ಲ ಅರ್ಧ ಮುಚ್ಚಿದ್ದವು. ಶಂಭುಲಿಂಗಪ್ಪ ಕಟ್ಟೆಯ ಮೇಲೆ ಇರಲಿಲ್ಲ. ಆವತ್ತು ಅವನು ಹೊಲಕ್ಕೆ ಹೋಗಿದ್ದ.

ನಾನು ಓಣಿ ದಾಟಿದೆ. ಎರಡು ವರ್ಷದಲ್ಲಿ ಮೊದಲ ಸಲ ಅವಳ ಅಂಗಳದಲ್ಲಿ ನಿಂತು, ಅವಳ ಮುಖ ನೋಡಿ, ನಂದಾ ಅಂದೆ. ಕತೆಯ ಆ ಅಧಿಕಾರಿಣಿಯ ಹಾಗೆಯೇ. ಅರ್ಧ ಮುಚ್ಚಿದ ಬಾಗಿಲುಗಳಿಂದ ಎಲ್ಲರೂ ನೋಡುತ್ತಿದ್ದರು. ನೋಡಲಿ ಅನ್ನುವ ಧೈರ್ಯ ಆಗ ಬಂದಿತ್ತು.

ನಂದಾ ಕೈಯಲ್ಲಿದ್ದ ಚರಿಗೆಯನ್ನು ಕೆಳಗಿಟ್ಟಳು. ನನ್ನ ಬಾಜುವಿನಿಂದ ಹಾದು, ಓಣಿ ದಾಟಿ, ನಮ್ಮ ಅಂಗಳಕ್ಕೆ ಹೋಗಿ ಕರೆವ್ವನ ಬೆನ್ನ ಮೇಲೆ ಕೈ ಇಟ್ಟಳು. ಮಾತು ಸ್ವಲ್ಪ ಗಟ್ಟಿಯಾಗಿಯೇ ಇತ್ತು.

"ಕರೆವ್ವಾ, ನಿಮ್ಮ ಕಸ್ತೂರಕ್ಕಗ ಹೇಳು. ಎರಡು ವರ್ಷ ನಿನ್ನ ಕಿವ್ಯಾಗ ಹಾಕಿದ್ದೆಲ್ಲಾ ನನಗ ಮುಟ್ಟೇತಿ, ಮರತಿಲ್ಲ. ಆದ್ರ ಅವತ್ತ ನಾನೂ ಅಂಗಳದಾಗ ಇದ್ದೆ. ಅವರು ಹಿಂಗ ಕೈ ಇಟ್ಟು ಬಾಯಿ ತೆರದಿದ್ದು ಕಂಡೆ. ಮುಚ್ಚಿದ್ದೂ ಕಂಡೆ. ಏನೋ ಐತಿ ಅಂತ ತಿಳೀತು. ಏನಂತ ತಿಳೀಲಿಲ್ಲ."

ಎಮ್ಮೆ ಕಿವಿ ಅಲ್ಲಾಡಿಸಿತು. ನಂದಾ ಅದರ ಮುಂದೆ ಬಿದ್ದಿದ್ದ ಜೋಳದ ಕಣಕಿಯನ್ನು ಕಾಲಿನಿಂದ ಹತ್ತಿರಕ್ಕೆ ತಳ್ಳಿ, ತಿರುಗಿ ಬಂದು ಟೆಂಪೋ ಹತ್ತಿದಳು.

ನಾನು ಅವಳ ಅಂಗಳದಲ್ಲೇ ನಿಂತಿದ್ದೆ. ಹೇಳಬೇಕಾದದ್ದು ಇನ್ನೂ ಬಾಯಲ್ಲಿತ್ತು. ಅಲ್ಲಿ ಗೋಡೆಯಿತ್ತು, ತುಳಸಿಕಟ್ಟೆಯಿತ್ತು, ಅವಳು ಬಿಟ್ಟುಹೋದ ಕಸಬರಿಗೆಯಿತ್ತು.